‘ಆಕಾಶವಾಣಿ’: ಹೆಸರೂ ಹುರುಳೂ

ಮೈಸೂರಿನ ಮೊದಲ ರೇಡಿಯೊ ನಿಲಯದ ಚರಿತ್ರೆಯನ್ನು ಹೇಳುವವರು ಅದಕ್ಕೆ ಎರಡು ಹಾರಗಳನ್ನು ತಪ್ಪದೆ ತೊಡಿಸುತ್ತಾರೆ. ಭಾರತದ ಮೊಟ್ಟಮೊದಲನೆಯ ಖಾಸಗಿ ನಿಲಯ ಅದು ಎಂಬುದು ಒಂದು. ಇಂದು ದೇಶಕ್ಕೆಲ್ಲ ಸಲ್ಲುವ ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು ಎಂಬುದು ಇನ್ನೊಂದು. ಊರಿನ ಅಭಿಮಾನ ಸಹಜವಾದುದು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಈ ಎರಡು ಹಾರಗಳ ಮರೆಯಲ್ಲಿ ಆ ನಿಲಯದ ಮುಖವೇ ಕಾಣದೆ ಹೋಗಿದೆಯೆಂದು ನಮಗೆ ತೋರುತ್ತದೆ.

ನಡೆದ ಸಂಗತಿ ಇಷ್ಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಇಸವಿ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠಲ ವಿಹಾರ’ದಿಂದ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ 30 ವ್ಯಾಟು. ನಮ್ಮ ನಡುಮನೆಗಳಲ್ಲಿ ಉರಿಯುತ್ತಿದ್ದ ಹಳೆಯ ದೀಪದ ಬುರುಡೆಗಿಂತಲೂ ಕಡಮೆ. ಅನಂತರ 250 ವ್ಯಾಟಿನ ಯಂತ್ರ ಬಂದಿತು. 1940ರ ದಶಕದ ಮೊದಲ ಭಾಗದಲ್ಲಿ ಮೈಸೂರು ಸರ್ಕಾರವು ನಿಲಯವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಅದು ಅಖಿಲ ಭಾರತ ಸಂಸ್ಥೆಯಲ್ಲಿ ಲೀನವಾಯಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರ ಹೊಂದಿತು.

ಮೊದಲನೆಯ ಹಾರವು ಪರೀಕ್ಷೆಗೆ ನಿಲ್ಲುವುದಿಲ್ಲ. ಮದರಾಸಿನ ರೇಡಿಯೊ ಕ್ಲಬ್ಬು 1924ರಲ್ಲಿಯೇ ಪ್ರಸಾರ ಮಾಡಿತ್ತು. ಮುಂಬಯಿಯಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪೆನಿಯೆಂಬ ಖಾಸಗಿ ಸಂಸ್ಥೆ 1927ರ ಜುಲೈ 23ರಂದು ತನ್ನ ನಿಲಯವನ್ನು ತೆರೆಯಿತು. ಆದರೆ ಇವುಗಳ ಗತಿಯನ್ನು ನೋಡಿದರೆ ಮೈಸೂರಿನ ಹಿರಿಮೆ ಕುಂದುವುದಕ್ಕೆ ಬದಲಾಗಿ ಹೆಚ್ಚುತ್ತದೆ. ಮದರಾಸಿನ ಕ್ಲಬ್ಬು ಹಣದ ಅಭಾವದಿಂದ 1927ರಲ್ಲಿ ಕೈಚೆಲ್ಲಿತು. ಮುಂಬಯಿಯ ಕಂಪೆನಿ 1930ರಲ್ಲಿ ದಿವಾಳಿಯೆದ್ದು, ಅದರ ನಿಲಯಗಳು ಸರ್ಕಾರದ ಪಾಲಾದವು. ಹಣವಂತರು ಸೋತು ಕುಳಿತ ಕೆಲಸಕ್ಕೆ ಐದೇ ವರ್ಷಗಳ ತರುವಾಯ ಒಬ್ಬ ಅಧ್ಯಾಪಕರು ತಮ್ಮ ಮನೆಯ ಬಾಗಿಲನ್ನು ತೆರೆದರು. ‘ಮೊದಲನೆಯದು’ ಎನ್ನುವುದಕ್ಕಿಂತ ‘ಅಂಜದೆ ತೊಡಗಿದ್ದು’ ಎನ್ನುವುದು ದೊಡ್ಡ ಮಾತಲ್ಲವೆ?

ಎರಡನೆಯ ಹಾರ ಹೆಸರಿನದು. ಹಾಸ್ಯಲೇಖಕರೂ ‘ಅನರ್ಥಕೋಶ’ದ ಕರ್ತೃಗಳೂ ಆದ ನಾ. ಕಸ್ತೂರಿಯವರು ಅದನ್ನು ಸೂಚಿಸಿದರೆಂದು ಪ್ರಸಿದ್ಧಿ. 1957ರಲ್ಲಿ ಅಖಿಲ ಭಾರತ ಸಂಸ್ಥೆ ಆ ಹೆಸರನ್ನು ಸ್ವೀಕರಿಸಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನು ಕೈಬಿಟ್ಟು ಇದೊಂದನ್ನೇ ಬಳಸಬೇಕೆಂಬ ಆದೇಶವೂ ಹೊರಟಿತು. ಶಬ್ದ ಸುಂದರವಾಗಿದೆ, ನಿಜ. ಆದರೆ ಆ ಚಿಕ್ಕ ನಿಲಯಕ್ಕೆ ಅದು ಒಪ್ಪುತ್ತಿತ್ತೆ?

ನಮ್ಮ ಪುರಾಣಗಳಲ್ಲಿ ಆಕಾಶವಾಣಿಯು ಎಂತಹ ಸಂದರ್ಭದಲ್ಲಿ ನುಡಿಯುತ್ತದೆಂಬುದನ್ನು ನೆನೆಯಬೇಕು. ದೇವಕಿಯ ಮದುವೆಯ ರಥವನ್ನು ನಡೆಸುತ್ತಿದ್ದ ಕಂಸನಿಗೆ ಅದು ಮರಣವನ್ನು ಸಾರಿತು. ಶಕುಂತಲೆಯನ್ನು ಒಲ್ಲೆನೆಂದ ದುಷ್ಯಂತನಿಗೆ ತುಂಬಿದ ಸಭೆಯಲ್ಲಿ ಅವಳನ್ನು ಸ್ವೀಕರಿಸೆಂದು ಅಪ್ಪಣೆ ಮಾಡಿತು. ಅದಕ್ಕೆ ಶರೀರವಿಲ್ಲ, ಊರಿಲ್ಲ, ಕೇಳಿದವನು ಮರುನುಡಿಯುವಂತಿಲ್ಲ. ಸಾವಿರಾರು ಹರದಾರಿಗಳಿಗೆ ಏಕಕಾಲದಲ್ಲಿ ನುಡಿಯುವ ದೆಹಲಿಯ ಸಂಸ್ಥೆಗೆ ಈ ಹೆಸರು ತಕ್ಕುದೇ ಸರಿ. ವಿಠಲ ವಿಹಾರದ ವಾಣಿಗೆ ಊರಿತ್ತು, ಬೀದಿಯಿತ್ತು. ಅಲ್ಲಿ ಮಾತನಾಡಿದವರನ್ನು ಕೇಳಿದವರು ಮರುದಿನ ಮಾರುಕಟ್ಟೆಯ ಬಳಿಯಲ್ಲಿಯೋ ಕಾಲೇಜಿನ ಮೆಟ್ಟಿಲ ಮೇಲೋ ಕಂಡು, ‘ನಿಮ್ಮ ಮಾತು ತಿಳಿಯಲಿಲ್ಲ’ ಎಂದು ಹೇಳಬಹುದಾಗಿತ್ತು. ಅದು ಆಕಾಶದಿಂದ ಇಳಿದ ವಾಣಿಯಲ್ಲ, ನೆರೆಮನೆಯ ವಾಣಿ. ಚಿಕ್ಕತನವೇ ಅದರ ಗುಣ.

ಈ ಗುಣಕ್ಕೂ ಸಾಹಿತ್ಯಕ್ಕೂ ಇರುವ ಸಂಬಂಧವನ್ನು ನಮ್ಮ ವಿಮರ್ಶಕರು ಸಾಕಷ್ಟು ಗಮನಿಸಿಲ್ಲ. ಮಧ್ಯಮ ಅಲೆಯ ಪ್ರಸಾರದಲ್ಲಿ ಧ್ವನಿಗೆ ತಕ್ಕಂತೆ ವಿದ್ಯುದಲೆಯ ಎತ್ತರವು ಏರಿಳಿಯುತ್ತದೆ. ಸಿಡಿಲು ಮಿಂಚುಗಳೂ ಹತ್ತಿರದ ವಿದ್ಯುದ್ಯಂತ್ರಗಳೂ ಅದೇ ಎತ್ತರವನ್ನು ಕದಡುವುದರಿಂದ ಮಾತಿನೊಡನೆ ಗರಗರ ಸದ್ದು ಸೇರಿಬರುತ್ತದೆ. ಆ ಕಾಲದ ಪೆಟ್ಟಿಗೆಗಳಲ್ಲಿ ಧ್ವನಿಯ ಅತಿ ಸಣ್ಣ, ಚೂಪಾದ ಅಂಶಗಳು ಉಳಿಯುತ್ತಿರಲಿಲ್ಲ. ಶಕಾರಕ್ಕೂ ಸಕಾರಕ್ಕೂ ಇರುವ ಭೇದ ಅಳಿಸಿಹೋಗುವುದು ಸುಲಭ. ಓದುಗನು ಪುಟವನ್ನು ಹಿಂದಕ್ಕೆ ತಿರುವಬಲ್ಲನು. ಕೇಳುಗನಿಗೆ ಆ ಸೌಕರ್ಯವಿಲ್ಲ. ನಾಲ್ಕು ಪದಗಳ ಸಮಾಸವನ್ನು ಹೊಸೆದು, ಕ್ರಿಯಾಪದವನ್ನು ಹತ್ತು ಸಾಲುಗಳಾಚೆಗೆ ತಳ್ಳುವ ಗದ್ಯವು ಇಂತಹ ದಾರಿಯಲ್ಲಿ ಮನೆ ಮುಟ್ಟಲಾರದು. ರೇಡಿಯೊದ ಮುಂದೆ ಕುಳಿತ ಕನ್ನಡ ವಿದ್ವಾಂಸನಿಗೆ ಪಾಂಡಿತ್ಯವನ್ನು ಬಿಡದೆ ಮಾತನ್ನು ತಿಳಿಗೊಳಿಸುವ ಹೊಣೆ ಬಂದಿತು. ವೇದಿಕೆಯಲ್ಲಾದರೆ ಸಭಿಕರ ಮುಖವು ಅವನನ್ನು ತಿದ್ದುತ್ತದೆ. ಇಲ್ಲಿ ಕಾಣದ ಮುಖವನ್ನು ಕಲ್ಪಿಸಿಕೊಂಡು ನುಡಿಯಬೇಕು. ಅಂತಹ ನಿಲಯವನ್ನು ಸ್ಥಾಪಿಸಿದವರು ಮನಶ್ಶಾಸ್ತ್ರಜ್ಞರೆಂಬುದು ಅರ್ಥವತ್ತಾದ ಸಂಗತಿ.

ಹಾಗೆಂದು ಅನಂತರ ಆದುದೆಲ್ಲ ಹಾನಿಯೆನ್ನುವುದು ಅನ್ಯಾಯ. 30 ವ್ಯಾಟಿನ ಧ್ವನಿ ಹಳ್ಳಿಗಳನ್ನು ಮುಟ್ಟಲಾರದು. ಪೆಟ್ಟಿಗೆಯನ್ನು ಕೊಳ್ಳಬಲ್ಲ ಮನೆಗಳು ಅಂದು ಕೆಲವೇ. ಒಬ್ಬರ ಉತ್ಸಾಹವನ್ನು ನಂಬಿದ ಸಂಸ್ಥೆ ಅವರ ಶಕ್ತಿ ಇರುವವರೆಗೆ ಮಾತ್ರ ಬಾಳುತ್ತದೆ. ಸರ್ಕಾರದ ಆಶ್ರಯದಿಂದ ನಿಲಯಕ್ಕೆ ಆಯುಸ್ಸು ಬಂದಿತು, ದೂರ ಬಂದಿತು. ಆದರೆ ದೂರ ಹೆಚ್ಚಿದಂತೆ, ಮಾತನಾಡುವವನಿಗೂ ಕೇಳುವವನಿಗೂ ಇದ್ದ ಪರಿಚಯ ಕಡಮೆಯಾಯಿತು. ಲಾಭವನ್ನು ಬರೆದವರು ಈ ನಷ್ಟವನ್ನೂ ಅದೇ ಲೆಕ್ಕದಲ್ಲಿ ಕಾಣಿಸಬೇಕು.

ಇನ್ನೂ ದೊಡ್ಡದಾದ ನಷ್ಟವೊಂದಿದೆ. ಧ್ವನಿಯನ್ನು ಫೀತೆಯ ಮೇಲೆ ಹಿಡಿದಿಡುವ ಅನುಕೂಲ ಬರುವುದಕ್ಕೆ ಮುಂಚಿನ ಕಾಲ ಅದು. ಆಡಿದ ಮಾತು ಆ ಗಳಿಗೆಯಲ್ಲಿಯೇ ಗಾಳಿಯ ಪಾಲು. ನಮ್ಮ ಸಾಹಿತ್ಯಚರಿತ್ರೆಯಾದರೋ ಅಚ್ಚಾದುದನ್ನು ಮಾತ್ರ ಎಣಿಸುತ್ತದೆ. ಕನ್ನಡ ಗದ್ಯವು ಕಣ್ಣಿನಿಂದ ಕಿವಿಗೆ ಮರಳಿದ ಆ ವರ್ಷಗಳ ಬಗೆಗೆ ಅದು ಒಂದೆರಡು ವಾಕ್ಯಗಳಲ್ಲಿ ತೃಪ್ತಿಗೊಳ್ಳುತ್ತದೆ. ಭಾಷಣ ಮಾಡುವವರು ಕೈಯಲ್ಲಿ ಹಿಡಿದು ಓದಿದ ಹಾಳೆಗಳು ಇದಕ್ಕೆ ಸಾಕ್ಷಿಯಾಗಬಲ್ಲವು. ಉಚ್ಚಾರಕ್ಕೆ ತೊಡಕಾದ ಪದವನ್ನು ಹೊಡೆದುಹಾಕಿ ಮೇಲೆ ಮನೆಮಾತಿನ ಪದವನ್ನು ಬರೆದಿರುವ ಒಂದು ಹಾಳೆಯು, ಗದ್ಯಶೈಲಿಯ ವಿಚಾರದಲ್ಲಿ ದೊಡ್ಡ ಉಪನ್ಯಾಸಕ್ಕಿಂತ ಹೆಚ್ಚಿನದನ್ನು ಹೇಳೀತು.

ಆದುದರಿಂದ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಹಿರಿಯರ ಪೆಟ್ಟಿಗೆಗಳಲ್ಲಿ ಅಂತಹ ಹಾಳೆಗಳು ಸಿಕ್ಕರೆ ರದ್ದಿಗೆ ಹಾಕದಿರಿ. ‘ಮೊದಲನೆಯದು’ ಎಂಬ ಕೀರ್ತಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರೂ, ಹೆಸರನ್ನು ದೇಶಕ್ಕೆ ಕೊಟ್ಟುಬಿಟ್ಟರೂ, ಮೈಸೂರಿಗೆ ತನ್ನದೆಂದು ಉಳಿಯಬೇಕಾದ ಆಸ್ತಿ ಆ ತಿದ್ದಿದ ಪದಗಳು.