ಮುಖ ಬಿಟ್ಟು ಹೊಸ್ತಿಲು ನೋಡಿ

ಜಾತಿ, ಮತ, ಮೈಬಣ್ಣ ಬೇರೆಯಾದ ಇಬ್ಬರು ಗೆಳೆಯರಾಗುವ ಸಿನಿಮಾ ನೋಡುವುದು ಬಹಳ ಸುಲಭ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಮೊದಲು ಮುನಿಸು, ನಡುವೆ ಒಂದು ಕಷ್ಟ, ಕೊನೆಗೆ ಅಪ್ಪುಗೆ, ನಮ್ಮ ಕಣ್ಣಲ್ಲೂ ಎರಡು ಹನಿ. ಅತ್ತಿದ್ದು ತಪ್ಪಲ್ಲ. ಆದರೆ ಪ್ರೇಕ್ಷಕರನ್ನು ಅಳಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ, ನಾಲ್ಕು ಪಿಟೀಲು ಸಾಕು. ನಮ್ಮ ಹಿರೇನಲ್ಲೂರಿನಂಥ ಊರಲ್ಲಿ ಹಿಂದೆ ಒಳ್ಳೆಯ ಸಿನಿಮಾ ಬೇಕೆಂದರೆ ಹುಡುಕಿಕೊಂಡು ಹೋಗಬೇಕಿತ್ತು. ಈಗ ಅದು ಮೊಬೈಲಿಗೇ ಬಂದಿದೆ. ಹೊಸದಾಗಿ ರುಚಿ ಹತ್ತಿದವರು ಹೇಗೆ ನೋಡಬೇಕು ಅಂತ ಕೇಳಿದರೆ ನಾನು ಹೇಳುವುದಿಷ್ಟು: ನಟರ ಮುಖ ಸ್ವಲ್ಪ ಹೊತ್ತು ಬಿಡಿ, ಹೊಸ್ತಿಲು ನೋಡಿ. ಯಾರು ಯಾರ ಮನೆಗೆ ಬರುತ್ತಾರೆ? ಎಲ್ಲಿಯವರೆಗೆ ಬರುತ್ತಾರೆ? ಸ್ನೇಹ ಕೆಟ್ಟ ದಿನ ಊರು ಬಿಡಬೇಕಾದವರು ಯಾರು?

ಇದನ್ನು ಕಲಿಯುವುದಕ್ಕೆ ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ಗಿಂತ (2008) ಒಳ್ಳೆಯ ಪಾಠ ಕನ್ನಡದಲ್ಲಿ ಇಲ್ಲ. ಮೂಲ ವೈದೇಹಿಯವರ ಕಥೆ. ಅಲ್ಲಿರುವುದು ಊರಿಗೆ ಬಂದ ಟಾಕೀಸು. ಕಾಸರವಳ್ಳಿ ಅದನ್ನು ತೊಂಬತ್ತರ ದಶಕದ ಕೊನೆಗೆ, ಡಿಶ್ ಆಂಟೆನಾದ ಕಾಲಕ್ಕೆ ತಂದರು. ಕುಂದಾಪುರದ ಕಡೆಯ ಒಂದು ಕುದ್ರು, ಅಂದರೆ ನಡುಗಡ್ಡೆ, ಮೀನುಗಾರರ ಊರು. ಅಲ್ಲಿನ ಸೂಲಗಿತ್ತಿ ಗುಲಾಬಿ ಮುಸ್ಲಿಂ ಹೆಂಗಸು. ಗಂಡ ಮೂಸಾ ಇವಳನ್ನು ಬಿಟ್ಟು ಎರಡನೆಯವಳ ಜತೆ ಸಂಸಾರ ಹೂಡಿದ್ದಾನೆ. ಗುಲಾಬಿಗೆ ಉಳಿದಿರುವುದು ಸಿನಿಮಾ ಹುಚ್ಚೊಂದೇ. ಹೆರಿಗೆ ಮಾಡಿಸುವುದಕ್ಕೂ ಅವಳನ್ನು ಟಾಕೀಸಿನಿಂದ ಎಳೆದುಕೊಂಡು ಹೋಗಬೇಕು. ಹಾಗೆ ಮಾಡಿಸಿದ ಹೆರಿಗೆಯೊಂದಕ್ಕೆ ಉಡುಗೊರೆಯಾಗಿ ಕಲರ್ ಟಿವಿ, ಡಿಶ್ಶು ಎರಡೂ ಅವಳ ಗುಡಿಸಿಲಿಗೆ ಬರುತ್ತವೆ.

ಗಂಡಸರು ಕಡಲಿಗೆ ಹೋದ ಮೇಲೆ ಊರ ಹೆಂಗಸರು ಟಿವಿಗಾಗಿ ಬರತೊಡಗುತ್ತಾರೆ. ಇಲ್ಲಿ ಕಣ್ಣು ಚುರುಕು ಮಾಡಿ. ಕೆಲವರು ಒಳಗೆ ಬಂದು ಕೂರುತ್ತಾರೆ. ಕೆಲವರು ಬರುವುದೇ ಇಲ್ಲ, ಮುಸ್ಲಿಂ ಮನೆ ಅಂತ. ಇನ್ನು ಕೆಲವರಿಗೆ ಟಿವಿ ಬೇಕು, ಮನೆ ಬೇಡ. ಹೊರಗೇ ನಿಂತು ನೋಡುತ್ತಾರೆ. ಯಾರೂ ಭಾಷಣ ಮಾಡುವುದಿಲ್ಲ, ಬೈಯುವುದೂ ಇಲ್ಲ. ಎಲ್ಲಿ ನಿಂತಿದ್ದಾರೆ ಅನ್ನುವುದರಲ್ಲೇ ಊರಿನ ಲೆಕ್ಕಾಚಾರವೆಲ್ಲ ಬಯಲಾಗುತ್ತದೆ. ಬಯಲುಸೀಮೆಯ ನಮಗೆ ಇದು ತಿಳಿಯದ್ದೇನಲ್ಲ. ಭಾನುವಾರ ಬೆಳಿಗ್ಗೆ ‘ರಾಮಾಯಣ’ ಬರುತ್ತಿದ್ದ 1987ರ ಸುಮಾರಿಗೆ ಊರಿಗೊಂದೋ ಎರಡೋ ಟಿವಿ ಇದ್ದ ಕಾಲ ನೆನಪಿರುವವರನ್ನು ಕೇಳಿ: ನಡುಮನೆಯ ಚಾಪೆ ಮೇಲೆ ಯಾರು, ಜಗಲಿಯಲ್ಲಿ ಯಾರು, ಕಿಟಕಿ ಸರಳು ಹಿಡಿದು ನಿಂತವರು ಯಾರು. ಯಾರೂ ಹೇಳಿಕೊಡದೆ ಎಲ್ಲರಿಗೂ ತಮ್ಮ ತಮ್ಮ ಜಾಗ ಗೊತ್ತಿರುತ್ತಿತ್ತು.

ಒಳಗೆ ಬರುವವರಲ್ಲಿ ನೇತ್ರು ಒಬ್ಬಳು. ಗಂಡ ಹತ್ತಿರವಿಲ್ಲ, ಅತ್ತೆಯ ದರ್ಬಾರು. ಗುಲಾಬಿಗೂ ಅವಳಿಗೂ ಬೆಳೆಯುವ ಸಲಿಗೆ ದೊಡ್ಡ ಮಾತಿನದ್ದಲ್ಲ, ಗಂಡ ಜತೆಗಿಲ್ಲದ ಇಬ್ಬರು ಹೆಂಗಸರು ಒಂದೇ ಪರದೆ ನೋಡುತ್ತಾ ಕೂರುವ ಸಲಿಗೆ. ಎಂ.ಡಿ. ಪಲ್ಲವಿ ನೇತ್ರುವಾಗಿದ್ದಾರೆ. ಗುಲಾಬಿ ಉಮಾಶ್ರೀ, ಈ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಉಮಾಶ್ರೀ ಅಂದರೆ ಹಾಸ್ಯ ಪಾತ್ರ ಅಂತ ತೀರ್ಮಾನಿಸಿಬಿಟ್ಟಿದ್ದವರು, ರಂಗದ ಮೇಲೆ ‘ಒಡಲಾಳ’ದ ಸಾಕವ್ವನನ್ನು ಕಂಡಿರದವರು, ಈ ಚಿತ್ರವನ್ನು ಎರಡು ಸಲ ನೋಡಬೇಕು. ಹಾಸ್ಯದ ಆ ಸಮಯಪ್ರಜ್ಞೆಯನ್ನು ಅವರಿಲ್ಲಿ ಬಿಟ್ಟುಕೊಟ್ಟಿಲ್ಲ. ಗುಲಾಬಿ ಪಾಪದವಳಲ್ಲ, ಚುರುಕು ನಾಲಗೆಯವಳು. ಅವಳ ಮೇಲೆ ಕನಿಕರ ಹುಟ್ಟುವುದಕ್ಕೆ ಮೊದಲು ಅವಳ ಸಹವಾಸ ನಮಗೆ ಇಷ್ಟವಾಗಿರುತ್ತದೆ. ಇಂಥ ಚಿತ್ರಗಳಲ್ಲಿ ಕನಿಕರವೇ ಮೊದಲು ಬಂದುಬಿಟ್ಟರೆ ಗೆಳೆತನಕ್ಕೆ ಜಾಗವಿರುವುದಿಲ್ಲ.

ಆಮೇಲೆ ನೇತ್ರು ಕಾಣೆಯಾಗುತ್ತಾಳೆ, ದೂರು ಗುಲಾಬಿಯ ತಲೆಗೆ ಬರುತ್ತದೆ. ಅದೇ ಹೊತ್ತಿಗೆ 1999ರ ಕಾರ್ಗಿಲ್ ಯುದ್ಧ. ಸಣ್ಣ ದೋಣಿಯವರಿಗೂ ದೊಡ್ಡ ಬಂಡವಾಳದ ಮುಸ್ಲಿಂ ಮೀನು ವ್ಯಾಪಾರಿಗೂ ಇದ್ದ ಹೊಟ್ಟೆಪಾಡಿನ ಜಗಳ ಧರ್ಮದ ಬಣ್ಣ ಬಳಿದುಕೊಳ್ಳುತ್ತದೆ. ಕೊನೆಗೆ ಗುಲಾಬಿಯನ್ನು ಬಲವಂತವಾಗಿ ದೋಣಿ ಹತ್ತಿಸುತ್ತಾರೆ. ಬಾಗಿಲು ತೆರೆದಿಟ್ಟವಳು ಅವಳು. ಬೆಲೆ ತೆತ್ತವಳೂ ಅವಳೇ. ನಾನು ಮೊದಲು ಹೇಳಿದ ಮೂರನೆಯ ಪ್ರಶ್ನೆ ಇದಕ್ಕೇ.

ಈ ಪ್ರಶ್ನೆ ಕಾಸರವಳ್ಳಿಯವರ ಚಿತ್ರಕ್ಕಷ್ಟೇ ಸೀಮಿತವಲ್ಲ. 1958ರ ಅಮೆರಿಕನ್ ಚಿತ್ರ ‘ದಿ ಡಿಫೈಂಟ್ ಒನ್ಸ್’ನಲ್ಲಿ ಕರಿಯ ಕೈದಿ ಸಿಡ್ನಿ ಪಾಟಿಯೆ, ಬಿಳಿಯ ಕೈದಿ ಟೋನಿ ಕರ್ಟಿಸ್ ಒಂದೇ ಸರಪಳಿಯಲ್ಲಿ ಬಿಗಿದುಕೊಂಡು ತಪ್ಪಿಸಿಕೊಳ್ಳುತ್ತಾರೆ. ಕೊನೆಗೆ ಸರಪಳಿ ಕಳಚಿರುತ್ತದೆ, ಪಾಟಿಯೆ ಓಡುವ ರೈಲು ಹತ್ತಿಯೂ ಆಗಿರುತ್ತದೆ. ಆದರೆ ಹತ್ತಲಾಗದ ಗೆಳೆಯನಿಗಾಗಿ ತಾನೂ ಕೆಳಗೆ ಬೀಳುತ್ತಾನೆ. ಆ ದೃಶ್ಯಕ್ಕೆ ಬಿಳಿಯ ಉದಾರವಾದಿಗಳು ಚಪ್ಪಾಳೆ ಹೊಡೆದರೆ, ಹಾರ್ಲೆಮ್‌ನ ಕರಿಯ ಪ್ರೇಕ್ಷಕರು ರೈಲು ಹತ್ತೋ ಪೆದ್ದ ಅಂತ ಕೂಗಾಡಿದರು ಎಂದು ಲೇಖಕ ಜೇಮ್ಸ್ ಬಾಲ್ಡ್ವಿನ್ ಬರೆದಿದ್ದಾರೆ. ಒಂದೇ ದೃಶ್ಯ, ಎರಡು ಪ್ರೇಕ್ಷಕ ವರ್ಗ. ಇನ್ನು ಕರಿಯ ಪಿಯಾನೊ ವಾದಕನಿಗೂ ಅವನ ಬಿಳಿಯ ಚಾಲಕನಿಗೂ ಬೆಳೆಯುವ ಗೆಳೆತನದ, ಆಸ್ಕರ್ ಗೆದ್ದ ‘ಗ್ರೀನ್ ಬುಕ್’ (2018) ನೋಡುವವರು ಒಂದು ವಿಷಯ ತಿಳಿದಿರಲಿ: ಚಿತ್ರಕಥೆ ಬರೆದವರಲ್ಲಿ ಒಬ್ಬರು ಬಿಳಿಯ ಚಾಲಕನ ಮಗ. ಪಿಯಾನೊ ವಾದಕ ಡಾನ್ ಶರ್ಲಿಯ ಮನೆಯವರು ಆ ಗೆಳೆತನದ ಚಿತ್ರಣವನ್ನು ಒಪ್ಪಲಿಲ್ಲ. ಕಥೆ ಯಾರ ಬಾಯಿಂದ ಬರುತ್ತಿದೆ ಅಂತ ನೋಡಿಕೊಳ್ಳದೆ ಮೆಚ್ಚುವುದು ಅರ್ಧ ಮೆಚ್ಚುಗೆ.

ಹಳ್ಳಿಯವರಿಗೆ ಇದೆಲ್ಲ ಯಾಕೆ ಅನ್ನುವವರು ಈಗಲೂ ಇದ್ದಾರೆ. ಅವರಿಗೆ ಪಕ್ಕದ ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ತೋರಿಸಿ. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿತು. ಹಳ್ಳಿಯ ಜನ ಕುರೊಸಾವಾನನ್ನೂ ಸತ್ಯಜಿತ್ ರಾಯ್‌ರನ್ನೂ ನೋಡಿ ವಾದ ಮಾಡಿದರು.

ಗುಲಾಬಿಯಾದ ಮೇಲೆ ಮನಸ್ಸು ಸ್ವಲ್ಪ ಹಗುರವಾಗಬೇಕಿದ್ದರೆ ಮಲಯಾಳಂನ ‘ಸುಡಾನಿ ಫ್ರಂ ನೈಜೀರಿಯಾ’ (2018) ಹಾಕಿ. ಮಲಪ್ಪುರಂನ ಸೆವೆನ್ಸ್ ಫುಟ್ಬಾಲ್ ತಂಡಕ್ಕೆ ಆಡಲು ಬಂದ ನೈಜೀರಿಯಾದ ಸ್ಯಾಮುಯೆಲ್ ಪೆಟ್ಟು ಮಾಡಿಕೊಂಡು ತಂಡದ ಮ್ಯಾನೇಜರ್ ಮಜೀದನ ಮನೆಯಲ್ಲಿ ಮಲಗುತ್ತಾನೆ. ಭಾಷೆ ಗೊತ್ತಿಲ್ಲದಿದ್ದರೂ ಮಜೀದನ ಉಮ್ಮ, ನೆರೆಮನೆಯ ಬೀಯುಮ್ಮ ಸೇರಿ ಅವನನ್ನು ಸಾಕುತ್ತಾರೆ. ನೈಜೀರಿಯಾದವನಾದರೂ ಊರಿಗೆಲ್ಲ ಅವನು ‘ಸುಡಾನಿ’ಯೇ. ನಗುತ್ತಾ ನೋಡಿ, ಅಡ್ಡಿಯಿಲ್ಲ. ಆದರೆ ಸ್ಯಾಮುಯೆಲ್ ಮೇಲೆ ಒಂದು ಕಣ್ಣಿಟ್ಟು, ಇನ್ನೊಂದನ್ನು ಮಜೀದನ ಮಲತಂದೆಯ ಮೇಲಿಡಿ. ಸಮುದ್ರ ದಾಟಿ ಬಂದವನಿಗೆ ಹಾಸಿಗೆ ಹಾಸಿಕೊಟ್ಟ ಮಜೀದ, ಅಮ್ಮನ ಗಂಡನಿಗೆ ಮಾತ್ರ ಮುಖ ಕೊಡುವುದಿಲ್ಲ.