ಬೇಟೆಯ ಕತೆಯೂ ಗಾಳಿಯ ದಿಕ್ಕೂ

ಬೇಟೆಯ ವರ್ಣನೆಯನ್ನು ಓದುವಾಗಲೆಲ್ಲ ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ನನ್ನ ರೂಢಿ: ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ಬಿಲ್ಲು ಎಷ್ಟು ಬಾಗಿತು, ಬಾಣ ಎಲ್ಲಿ ನಾಟಿತು, ಮೃಗ ಹೇಗೆ ಚಿಮ್ಮಿತು ಎಂಬುದನ್ನು ಮನೆಯ ಜಗಲಿಯಲ್ಲಿ ಕುಳಿತೂ ಬರೆಯಬಹುದು. ಗಾಳಿಯ ಮಾತು ಹಾಗಲ್ಲ. ಜಿಂಕೆಯ ಹಿಂದೆ ಒಂದು ದಿನವಾದರೂ ಅಲೆದವನಿಗೆ ಮೊದಲು ನೆನಪಾಗುವುದು ಅದು. ಅಲೆಯದವನಿಗೆ ಕೊನೆಯವರೆಗೂ ಹೊಳೆಯದೆ ಹೋಗುವುದೂ ಅದೇ. ನಮ್ಮ ವಿಮರ್ಶಕರು ಮಾತ್ರ ಬೇಟೆಯನ್ನು ಕಾವ್ಯದ ವರ್ಣನೆಗಳಲ್ಲಿ ಒಂದೆಂದು ಎಣಿಸಿ, ಉಪಮೆಗಳನ್ನು ಲೆಕ್ಕ ಹಾಕಿ, ಮುಂದೆ ಸಾಗುತ್ತಾರೆ.

ಮೊದಲು ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ಜಿಂಕೆಯ ಕಣ್ಣು ಚಲನೆಯನ್ನು ಥಟ್ಟನೆ ಹಿಡಿಯುತ್ತದೆ. ಆದರೆ ಅಲುಗಾಡದೆ ನಿಂತ ಮನುಷ್ಯನನ್ನು ಮರದ ಬೊಡ್ಡೆಯಿಂದ ಬೇರೆಯಾಗಿ ಕಾಣುವುದು ಅದಕ್ಕೆ ಕಷ್ಟ. ಕೆಂಪು ಬಣ್ಣವೂ ನಮಗೆ ಕಾಣುವಂತೆ ಅದಕ್ಕೆ ಕಾಣದು. ಕಿವಿ ಬಹಳ ಚುರುಕು, ಆದರೂ ಕಾಡಿನಲ್ಲಿ ಸಪ್ಪಳ ಮಾಡುವವರು ಅನೇಕರು. ಅನುಮಾನ ಬಂದ ಕಡವೆ ಮುಂಗಾಲನ್ನು ನೆಲಕ್ಕೆ ಬಡಿದು, ಕಿವಿ ನಿಮಿರಿಸಿ, ಇನ್ನೊಮ್ಮೆ ನೋಡುತ್ತದೆ. ಆದರೆ ಒದ್ದೆಯಾದ ಆ ಮೂಗಿಗೆ ಬೇಟೆಗಾರನ ವಾಸನೆ ತಗುಲಿತೋ, ಇನ್ನೊಮ್ಮೆ ನೋಡುವ ಪ್ರಶ್ನೆಯೇ ಇಲ್ಲ. ಬೇಟೆ ಅಲ್ಲಿಗೆ ಮುಗಿಯಿತು.

ಮನುಷ್ಯನ ವಾಸನೆ ಎಂದರೆ ಬರಿಯ ಬೆವರಲ್ಲ. ಆಗತಾನೆ ಒಸರಿದ ಬೆವರಿಗೆ ಹೆಚ್ಚಿನ ವಾಸನೆಯಿಲ್ಲ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದ ಮೇಲೆ ವಾಸನೆ ಹುಟ್ಟುತ್ತದೆ. ಜೊತೆಗೆ ಕಣ್ಣಿಗೆ ಕಾಣದ ಚರ್ಮದ ಹೊಟ್ಟು ನಮ್ಮ ಮೈಯಿಂದ ಸದಾ ಉದುರುತ್ತಲೇ ಇರುತ್ತದೆ. ಅದರ ಮೇಲೆ ಬೀಡಿ, ತಲೆಗೆ ಹಚ್ಚಿದ ಎಣ್ಣೆ. ಮಿಂದು ಹೋದರೆ ಸಾಬೂನಿನ ವಾಸನೆ. ಅಮೆರಿಕದಲ್ಲಿ ಜಿಂಕೆಯ ಬೇಟೆಗೆಂದೇ ವಾಸನೆ ಕಳೆಯುವ ಸಾಬೂನನ್ನೂ ಇದ್ದಿಲು ಸೇರಿಸಿ ನೇಯ್ದ ಉಡುಪನ್ನೂ ಮಾರುತ್ತಾರೆ. ಗಾಳಿಯ ದಿಕ್ಕು ನೋಡಲು ಪುಡಿ ತುಂಬಿದ ಪುಟ್ಟ ಸೀಸೆಯನ್ನೂ ಮಾರುತ್ತಾರೆ. ಮೊದಲಿನ ಸರಕು ಪೂರ್ತಿ ನಂಬಿಕೆಗೆ ಅರ್ಹವಾಗಿದ್ದರೆ ಈ ಸೀಸೆ ಏಕೆ ಬೇಕಿತ್ತೋ! ನಮ್ಮ ಕಾಡಿನವನಿಗೆ ಒಂದು ಚಿಟಿಕೆ ಬೂದಿ ಸಾಕು.

ಗಾಳಿಗೆ ಎದುರಾಗಿ ನಡೆ ಎಂಬಷ್ಟಕ್ಕೆ ಈ ವಿದ್ಯೆ ಮುಗಿಯುವುದಿಲ್ಲ. ಗುಡ್ಡಗಾಡಿನಲ್ಲಿ ಗಾಳಿ ಹೊತ್ತಿಗೆ ತಕ್ಕಂತೆ ದಿಕ್ಕು ಬದಲಿಸುತ್ತದೆ. ಬಿಸಿಲೇರಿದಂತೆ ಇಳಿಜಾರು ಕಾದು ಗಾಳಿ ಮೇಲಕ್ಕೆ ಹರಿಯುತ್ತದೆ. ಸೂರ್ಯ ಮುಳುಗಿದ ಮೇಲೆ ತಣ್ಣನೆಯ ಗಾಳಿ ನೀರಿನಂತೆ ಕಣಿವೆಗೆ ಇಳಿಯುತ್ತದೆ. ಮುಂಬಯಿಯ ಕಡಲ ಗಾಳಿ ಹಗಲಲ್ಲಿ ಊರಿನ ಕಡೆಗೆ, ಇರುಳಲ್ಲಿ ನೆಲದ ಗಾಳಿ ಕಡಲಿನ ಕಡೆಗೆ ಬೀಸುವುದೂ ಇದೇ ನ್ಯಾಯದಿಂದ. ಆದುದರಿಂದ ಬಿಸಿಲು ಬಲಿತ ಮೇಲೆ ಬುಡದಿಂದ ಗುಡ್ಡ ಹತ್ತುವ ಬೇಟೆಗಾರ ತನ್ನ ಆಗಮನವನ್ನು ತಾನೇ ಸಾರುತ್ತ ಹೋಗುತ್ತಾನೆ. ಅವನು ಮೇಲಿಂದ ಇಳಿಯಬೇಕು. ಸಂಜೆ ಕೆಳಗಿಂದ ಏರಬೇಕು. ಗಾಳಿ ತಿರುಗುವ ನಡುವಿನ ಹೊತ್ತಿನಲ್ಲಿ, ಅದು ಸುಮ್ಮನಾಗಿ ಸುತ್ತತೊಡಗಿದಾಗ, ಎಲ್ಲಿ ಕುಳಿತರೂ ಒಂದೇ.

ಇಷ್ಟನ್ನು ತಿಳಿದು ನಮ್ಮ ಪುರಾಣಗಳ ಬೇಟೆಗಳನ್ನು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಪಾಂಡು ಹೊಡೆದದ್ದು ಜಿಂಕೆಯ ರೂಪದಲ್ಲಿದ್ದ ಋಷಿಯನ್ನು. ದಶರಥ ಕತ್ತಲಲ್ಲಿ ನೀರು ತುಂಬುವ ಸದ್ದನ್ನು ಆನೆಯ ಸದ್ದೆಂದು ತಿಳಿದು ಬಾಣ ಬಿಟ್ಟ. ಜರನೆಂಬ ಬೇಡ ಕೃಷ್ಣನನ್ನೇ ಮೃಗವೆಂದು ಭ್ರಮಿಸಿದ. ಮೂರರಲ್ಲೂ ಬೇಟೆಗಾರನ ಕಣ್ಣೋ ಕಿವಿಯೋ ಅವನಿಗೆ ಮೋಸಮಾಡಿದೆ. ಇವು ವಿಧಿಯ ಕತೆಗಳು, ಇಲ್ಲಿ ಗಾಳಿಯನ್ನು ಹುಡುಕುವುದು ಅರಸಿಕತೆ ಎಂದು ಹಿರಿಯರು ಗದರಿಸಬಹುದು. ಒಪ್ಪುತ್ತೇನೆ. ಆದರೆ ಮನುಷ್ಯನಿಗೆ ಎಂಥ ಇಂದ್ರಿಯಗಳಿವೆಯೋ ಅವುಗಳಿಂದಲೇ ಅವನ ದುರಂತವನ್ನು ಕಟ್ಟಿದ್ದಾರೆ, ಮೃಗಕ್ಕಿರುವ ಮೂಗು ಅವನಿಗಿಲ್ಲ ಎಂಬ ಕೊರತೆ ಈ ಕತೆಗಳ ತಳದಲ್ಲಿದೆ ಎಂದಾದರೂ ಗಮನಿಸಬೇಡವೇ?

ಬೇಟೆಯ ಪುಸ್ತಕಗಳಲ್ಲಿ ಈ ಪರೀಕ್ಷೆಗೆ ಚೆನ್ನಾಗಿ ನಿಲ್ಲುವುದು ಜಿಮ್ ಕಾರ್ಬೆಟ್ 1944ರಲ್ಲಿ ಪ್ರಕಟಿಸಿದ ಕುಮಾಊಂನ ನರಭಕ್ಷಕಗಳ ಕಥನ. ಮನುಷ್ಯನ ಮೂಗು ಮೊಂಡೆಂಬುದು ಹುಲಿಗೆ ಗೊತ್ತಿಲ್ಲ, ಆದ್ದರಿಂದ ಅದು ಕಾಡಿನ ಮೃಗವನ್ನು ಹಿಡಿಯುವ ಕ್ರಮದಲ್ಲಿಯೇ ಮನುಷ್ಯನನ್ನೂ ಹಿಡಿಯಲು ಬರುತ್ತದೆ ಎನ್ನುತ್ತಾನೆ ಆತ. ಅಂದರೆ ಗಾಳಿ ಮುಖಕ್ಕೆ ಬಡಿಯುತ್ತಿದ್ದರೆ ಅಪಾಯವಿರುವುದು ಬೆನ್ನ ಹಿಂದೆ. ಅದಕ್ಕಾಗಿ ಅವನು ಗಾಳಿಗೆ ಅಡ್ಡಡ್ಡ ನಡೆದು, ಅಪಾಯ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುವಂತೆ ನೋಡಿಕೊಳ್ಳುತ್ತಾನೆ. ಇಲ್ಲಿ ಬೇಟೆಗಾರನೇ ಜಿಂಕೆಯ ಜಾಗದಲ್ಲಿ ನಿಂತಿದ್ದಾನೆ, ಆದರೆ ಜಿಂಕೆಯ ಮೂಗಿಲ್ಲದೆ. 'ಭೀಕರ', 'ಘೋರ' ಎಂಬ ವಿಶೇಷಣಗಳನ್ನು ರಾಶಿ ಹಾಕುವ ನಮ್ಮ ರೋಮಾಂಚಕಾರಿ ಕತೆಗಾರರು ಓದಬೇಕಾದ ಪುಟ ಅದು. ಹಾಗೆಂದು ಈ ಬಗೆಯ ಪುಸ್ತಕಗಳೆಲ್ಲ ಪ್ರಾಮಾಣಿಕವೆಂದಲ್ಲ. ಎಷ್ಟೋ ಕಡೆ ಬಂದೂಕು ದೊರೆಯ ಕೈಯಲ್ಲಿದ್ದರೂ ಗಾಳಿಯನ್ನು ಬಲ್ಲವನು ಮುಂದೆ ನಡೆಯುವ ಕಾಡಿನವನು. ರಕ್ಷಾಪುಟದ ಮೇಲೆ ಹೆಸರು ಮಾತ್ರ ದೊರೆಯದು.

ಕನ್ನಡದಲ್ಲಿ ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (1933) ಮತ್ತು 'ಕಾನೂರು ಹೆಗ್ಗಡಿತಿ' (1936) ಬೇಟೆಯನ್ನು ಆಸ್ಥಾನದಿಂದ ಬಿಡಿಸಿ ಮನೆಯಂಗಳಕ್ಕೆ ತಂದವು. ಮರಸು, ಹಳು, ಸೋವುವುದು, ಬಿಲ್ಲು ಇವು ಮಲೆನಾಡಿನ ಬೇಟೆಯ ಮಾತುಗಳು. ಊರಿನಿಂದ ದೂರ ಬೆಳೆದ ನಮ್ಮ ಮಕ್ಕಳಿಗಾಗಿ ಹೇಳುವುದಾದರೆ, ಮರಸು ಎಂದರೆ ಮೃಗ ಮೇಯಲು ಬರುವೆಡೆ ಅಡಗಿ ಕಾಯುವುದು. ಬಿಲ್ಲು ಎಂದರೆ, ಹಳುವಿನಿಂದ ಎಬ್ಬಿಸಿ ಓಡಿಸಿದ ಮೃಗ ಹಾಯುವ ಕಡೆ ಈಡುಗಾರ ನಿಲ್ಲುವ ಜಾಗ. ಇಂಥ ಪದಗಳನ್ನು 'ಪ್ರಾದೇಶಿಕ ಸೊಗಡು' ಎಂದು ಹೊಗಳಿ ಪಟ್ಟಿಮಾಡುವ ಪ್ರಬಂಧಗಳಿಗೆ ಕೊರತೆಯಿಲ್ಲ. ಸೊಗಡು ಎಂದರೆ ವಾಸನೆಯೇ ತಾನೆ? ಆದರೆ ಆ ಪದಗಳೊಳಗಿನ ಗಾಳಿಯ ಲೆಕ್ಕ ಅವರ ಕಣ್ಣಿಗೆ ಬೀಳುವುದಿಲ್ಲ. ಸೋವುವವರು ಗಾಳಿ ಬರುವ ಕಡೆಯಿಂದ ನುಗ್ಗಿದರೆ ಅವರ ಕೂಗಿಗಿಂತ ಮುಂಚೆ ಅವರ ವಾಸನೆಯೇ ಮೃಗವನ್ನು ಎಬ್ಬಿಸುತ್ತದೆ; ಅದು ಓಡುವ ಕಡೆ ಇರುವ ಬಿಲ್ಲಿನವನ ಸುಳಿವು ಅದಕ್ಕೆ ಸಿಗುವುದಿಲ್ಲ. ಅದೇ ವಾಸನೆ ಒಂದು ಕಡೆ ಕೋಲು, ಇನ್ನೊಂದು ಕಡೆ ಶತ್ರು. ಮರಸಿಗೆ ಮರದ ಮೇಲೇರುವುದರಲ್ಲಿಯೂ ವಾಸನೆಯನ್ನು ಮೃಗದ ತಲೆಯ ಮೇಲೆ ಹಾಯಿಸುವ ಉಪಾಯ ಸೇರಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಜಿಂಕೆಯನ್ನು ಕೊಲ್ಲುವುದು ಅಪರಾಧ, ಅದು ಸರಿಯಾದದ್ದೇ. ಕ್ಯಾಮರಾ ಹಿಡಿದು ಹೋಗುವವರಿಗೂ ಇಂದು ಅದೇ ಗಾಳಿಯ ಪಾಠ ಬೇಕು.

ಇನ್ನೊಂದು ಮಾತು. ಮನುಷ್ಯನ ವಾಸನೆಗೆ ಜಿಂಕೆ ಹೆದರುವುದು ಹುಟ್ಟುಗುಣವೆಂದು ಹೇಳಿಬಿಡುವಂತಿಲ್ಲ. ಚೆನ್ನೈಯಲ್ಲಿ ಗಿಂಡಿ ಕಾಡಿಗೆ ಹೊಂದಿಕೊಂಡ ಐ.ಐ.ಟಿ. ಆವರಣದಲ್ಲಿ ಚುಕ್ಕಿ ಜಿಂಕೆಗಳು ವಿದ್ಯಾರ್ಥಿಗಳು ಓಡಾಡುವ ದಾರಿಯ ಪಕ್ಕದಲ್ಲೇ ಮೇಯುತ್ತವೆ. ಅಲ್ಲಿಯ ನಮ್ಮವರು ಇದನ್ನು ಕಂಡಿರುತ್ತಾರೆ. ಬೆನ್ನಟ್ಟದವನ ವಾಸನೆ ಅವಕ್ಕೆ ಪರಿಚಯ, ಬೆನ್ನಟ್ಟಿದವನದು ಭಯ.

ಇದನ್ನು ಬಲ್ಲವನು ಕಾಳಿದಾಸ. 'ಶಾಕುಂತಲ'ದ ಮೊದಲ ಅಂಕದಲ್ಲಿ ದುಷ್ಯಂತ ರಥವೇರಿ ಜಿಂಕೆಯನ್ನು ಅಟ್ಟುತ್ತಾನೆ. ರಥದ ಗಡಗಡಕ್ಕೆ ಗಾಳಿಯ ಹಂಗೇಕೆ? ಎರಡನೆಯ ಅಂಕದಲ್ಲಿ ಸೇನಾಪತಿ ಬೇಟೆಯಿಂದ ಹೊಟ್ಟೆಯ ಬೊಜ್ಜು ಕರಗುತ್ತದೆ, ಓಡುವ ಗುರಿಗೆ ಕೈ ಪಳಗುತ್ತದೆ ಎಂದು ಹೊಗಳುತ್ತಾನೆ. ವ್ಯಾಯಾಮಶಾಲೆಯ ಜಾಹೀರಾತಿನಂಥ ಆ ಮಾತಿನಲ್ಲಿ ಕಾಡೇ ಇಲ್ಲ. ಇಷ್ಟಕ್ಕೇ ನಿಂತಿದ್ದರೆ ಕಾಳಿದಾಸನೂ ನನ್ನ ಪರೀಕ್ಷೆಯಲ್ಲಿ ಸೋಲುತ್ತಿದ್ದ. ಆದರೆ ಐದನೆಯ ಅಂಕವಿದೆ. ತನ್ನನ್ನು ಅರಿಯೆನೆನ್ನುವ ರಾಜನಿಗೆ ಶಕುಂತಲೆ ಒಂದು ದಿನವನ್ನು ನೆನಪಿಸುತ್ತಾಳೆ. ಬಳ್ಳಿಮನೆಯಲ್ಲಿ ತಾವರೆಯೆಲೆಯ ದೊನ್ನೆಯಲ್ಲಿ ನೀರು ಹಿಡಿದು ಅವನು ಅವಳ ಜಿಂಕೆಮರಿಯನ್ನು ಕರೆದಿದ್ದ. ಅದು ಹತ್ತಿರ ಸುಳಿಯಲಿಲ್ಲ. ಅದೇ ನೀರನ್ನು ಅವಳು ಹಿಡಿದಾಗ ಬಂದು ಕುಡಿಯಿತು. ಆಗ ಅವನು ನಕ್ಕು, ಎಲ್ಲರೂ ತಮ್ಮವರನ್ನೇ ನಂಬುತ್ತಾರೆ, ನೀವಿಬ್ಬರೂ ಕಾಡಿನವರು ಎಂದಿದ್ದ. ತಮ್ಮವರು ಎಂಬಲ್ಲಿ ಕವಿ ಬಳಸಿದ ಪದ 'ಸಗಂಧ'. ರೂಢಿಯಲ್ಲಿ ಅದಕ್ಕೆ ಬಂಧು ಎಂದರ್ಥ. ಪದದ ಒಡಲಿನಲ್ಲಿರುವುದು ಒಂದೇ ವಾಸನೆಯವರು ಎಂಬ ಅರ್ಥ. ಬೇಟೆಗೆಂದು ಆ ಕಾಡಿಗೆ ಬಂದಿದ್ದವನ ಕೈಯನ್ನು ಮರಿ ದೂರದಿಂದಲೇ ಅರಿತಿತ್ತು. ಆಶ್ರಮದ ಹಿರಿಯರಾಗಲಿ ಸಖಿಯರಾಗಲಿ ಅವನ ಬಗ್ಗೆ ತಿಳಿಯಲಾರದ್ದನ್ನು ಅದು ಅಂದೇ ತಿಳಿದಿತ್ತು. ರಾಜಸಭೆಯಲ್ಲಿ ಶಕುಂತಲೆ ಈ ಮಾತನ್ನು ಹೇಳಿದಾಗ, ಹೆಂಗಸರ ಜಾಣತನ ಹುಟ್ಟಿನಿಂದಲೇ ಬಂದದ್ದು ಎಂದು ದುಷ್ಯಂತ ಮೂದಲಿಸುತ್ತಾನೆ.