ಕರ್ತವ್ಯನೀತಿಯ ಒರೆಗಲ್ಲಿನಲ್ಲಿ ಮೂರು ಶರಣಚರಿತೆಗಳು

ಶರಣರ ಕಾಯಕವನ್ನೂ ಕಾಂಟನ ಕರ್ತವ್ಯವನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರಶ್ಯದ ತತ್ತ್ವಜ್ಞನೊಬ್ಬನು ಹದಿನೆಂಟನೆಯ ಶತಮಾನದಲ್ಲಿ ಕಂಡುದನ್ನು ನಮ್ಮವರು ಹನ್ನೆರಡನೆಯ ಶತಮಾನದಲ್ಲಿಯೇ ಕಂಡಿದ್ದರೆಂದು ಹೇಳಿ ತೃಪ್ತರಾಗುವುದು ಈ ರೂಢಿಯ ಸ್ವರೂಪ. ಇದರಿಂದ ಕಾಂಟನಿಗೂ ನ್ಯಾಯ ದೊರೆಯುವುದಿಲ್ಲ, ಶರಣರಿಗೂ ದೊರೆಯುವುದಿಲ್ಲ. ಹೋಲಿಕೆಯು ಹೊಗಳಿಕೆಯಾಗದೆ ಪರೀಕ್ಷೆಯಾಗಬೇಕು. ಆ ಪರೀಕ್ಷೆಯನ್ನು ಕಲಬುರಗಿ ಜಿಲ್ಲೆಯ ಆಳಂದ, ಜೇವರ್ಗಿ, ಅಫಜಲಪುರ ಸೀಮೆಗಳಿಗೆ ಸೇರಿದ ಮೂರು ಚರಿತೆಗಳ ಮೇಲೆ ನಡೆಯಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒರೆಗಲ್ಲಿನ ಗುಣವನ್ನು ತಿಳಿಯಬೇಕು. 1785ರಲ್ಲಿ ಪ್ರಕಟವಾದ ನೀತಿಮೀಮಾಂಸೆಯ ಗ್ರಂಥದಲ್ಲಿ ಕಾಂಟನು ವಿಧಿಗಳನ್ನು ಎರಡಾಗಿ ವಿಂಗಡಿಸುತ್ತಾನೆ. ಇಂತಹ ಫಲ ಬೇಕಾದರೆ ಹೀಗೆ ಮಾಡು ಎಂಬುದು ಸೋಪಾಧಿಕ ವಿಧಿ. ಫಲಾಪೇಕ್ಷೆಯ ಷರತ್ತಿಲ್ಲದೆ ಮಾಡು ಎಂಬುದು ನಿರುಪಾಧಿಕ ವಿಧಿ. ಎರಡನೆಯದೊಂದೇ ನೀತಿಯ ವಿಧಿ. ಅದು ಶಾಸ್ತ್ರದಿಂದಾಗಲಿ ಅರಸನಿಂದಾಗಲಿ ಬಂದುದಲ್ಲ. ಮನುಷ್ಯನ ವಿವೇಕವು ತನಗೆ ತಾನೇ ವಿಧಿಸಿಕೊಂಡದ್ದು. ಅದಕ್ಕೆ ಎರಡು ಮುಖ್ಯ ಪರೀಕ್ಷೆಗಳುಂಟು. ನಾನು ಯಾವ ಸಂಕಲ್ಪದಿಂದ ನಡೆಯುತ್ತೇನೆಯೋ ಅದು ಸರ್ವರಿಗೂ ನಿಯಮವಾಗಲೆಂದು ನಾನು ಇಚ್ಛಿಸಬಲ್ಲೆನೆ? ನನ್ನಲ್ಲಿಯೂ ಇತರರಲ್ಲಿಯೂ ಇರುವ ಮನುಷ್ಯತ್ವವನ್ನು ಕೇವಲ ಸಾಧನವಾಗಿ ಬಳಸದೆ ಸಾಧ್ಯವೆಂದೂ ಮನ್ನಿಸಿದ್ದೇನೆಯೆ?

ಮೊದಲನೆಯ ಚರಿತೆ ಆಳಂದದ ಏಕಾಂತದ ರಾಮಯ್ಯನದು. ಹರಿಹರನು ಈತನ ಮೇಲೆ ರಗಳೆಯನ್ನು ರಚಿಸಿದ್ದಾನೆ. ಆದರೆ ಸುಮಾರು 1200ರ ಅಬ್ಬಲೂರಿನ ಶಾಸನವು ನಮ್ಮ ಪ್ರಶ್ನೆಗೆ ಹೆಚ್ಚು ಉಪಯುಕ್ತವಾದುದು. ಇಂದಿನ ಹಾವೇರಿ ಜಿಲ್ಲೆಯಲ್ಲಿರುವ ಈ ಶಾಸನವನ್ನು ಫ್ಲೀಟ್ ಮಹಾಶಯರು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ರಾಮಯ್ಯನು ತಲೆಯನ್ನು ಅರಿದು ಶಿವನಿಗರ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ಸ್ಥಾಪಿಸುವುದಾಗಿ ಜೈನರು ಓಲೆಯಲ್ಲಿ ಬರೆದುಕೊಟ್ಟರೆಂದೂ, ಏಳು ದಿನಗಳ ಮೇಲೆ ತಲೆ ಮರಳಿ ಬಂದರೂ ಅವರು ಮಾತಿಗೆ ತಪ್ಪಿದರೆಂದೂ, ಆಗ ರಾಮಯ್ಯನೇ ಬಿಂಬವನ್ನು ಭಂಗಿಸಿದನೆಂದೂ, ದೂರು ಬಿಜ್ಜಳನವರೆಗೆ ಹೋಗಿ ಕೊನೆಗೆ ರಾಮಯ್ಯನಿಗೆ ಜಯಪತ್ರ ದೊರೆಯಿತೆಂದೂ ಶಾಸನ ಹೇಳುತ್ತದೆ.

ಪವಾಡದ ಸತ್ಯಾಸತ್ಯತೆ ಇಲ್ಲಿ ನಮ್ಮ ವಿಷಯವಲ್ಲ; ನಮಗೆ ಬೇಕಾದುದು ಓಲೆ. ಪಾಲಿಸುವ ಮನಸ್ಸಿಲ್ಲದೆ ಕೊಟ್ಟ ಮಾತು ಕಾಂಟನ ಪ್ರಸಿದ್ಧ ಉದಾಹರಣೆಗಳಲ್ಲಿ ಒಂದು. ಎಲ್ಲರೂ ಹಾಗೆ ಮಾತು ಕೊಡುವುದಾದರೆ ಮಾತೆಂಬುದೇ ನಿಲ್ಲದು. ಈ ಅಂಶದಲ್ಲಿ ಶಾಸನಕಾರನು ಆತನ ಪಕ್ಷಕ್ಕೆ ಸಮೀಪದಲ್ಲಿದ್ದಾನೆ: ರಾಮಯ್ಯನು ಮಾತಿಗೆ ನಿಂತನು, ಪ್ರತಿಪಕ್ಷದವರು ನಿಲ್ಲಲಿಲ್ಲ. ಆದರೆ ಪರೀಕ್ಷೆಯನ್ನು ಇಲ್ಲಿಗೆ ನಿಲ್ಲಿಸಿದರೆ ವಿಮರ್ಶಕನು ತನ್ನ ಕೆಲಸಕ್ಕೆ ತಪ್ಪಿದಂತಾಗುತ್ತದೆ. ಮಾತಿನ ಒಳಗಿನ ವಿಷಯವೇನು? ಸೋತವನ ಆರಾಧನಸ್ಥಾನ ಗೆದ್ದವನದಾಗಬೇಕೆಂಬುದು. ಇದನ್ನು ಸಾರ್ವತ್ರಿಕ ನಿಯಮವನ್ನಾಗಿ ಮಾಡಿದರೆ, ಇನ್ನೊಂದು ದಿನ ತಾನು ಸೋತಾಗ ತನ್ನ ಶಿವಾಲಯದ ಭಂಗವನ್ನೂ ರಾಮಯ್ಯನು ಇಚ್ಛಿಸಬೇಕಾಗುತ್ತದೆ. ಅಂತಹ ಇಚ್ಛೆಗೆ ಆ ಭಕ್ತನು ಒಪ್ಪುತ್ತಿದ್ದನೆಂದು ನಂಬಲು ಆಧಾರವಿಲ್ಲ. ಸ್ವಂತ ಪ್ರಾಣವನ್ನು ಪಣಕ್ಕೊಡ್ಡುವುದೂ ಕಾಂಟನ ಎರಡನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗದು. ಮೇಲಾಗಿ ಶಾಸನವು ಗೆದ್ದವರ ಕಡೆಯ ಬರಹ. ಸೋತವರ ವಾದ ಅದರಲ್ಲಿಲ್ಲ. ದೃಢತೆಯಿದ್ದ ಮಾತ್ರಕ್ಕೆ ಕರ್ತವ್ಯವಾಗುವುದಿಲ್ಲ, ಛಲಕ್ಕೂ ದೃಢತೆಯುಂಟು. ನಮ್ಮ ವೀರಭಕ್ತಿಯನ್ನು ಕರ್ತವ್ಯನೀತಿಯೆಂದು ಕರೆಯುವವರು ಈ ಭೇದವನ್ನು ಮರೆತಿದ್ದಾರೆ.

ಎರಡನೆಯದು ಹಿಂದಿನ ಅಖಂಡ ಜೇವರ್ಗಿ ತಾಲ್ಲೂಕಿನ ಅರಳಗುಂಡಿಗೆಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲಸಿದ ಶರಣಬಸವೇಶ್ವರರ ಚರಿತೆ. ಅವರ ಕಾಲ 1746ರಿಂದ 1822 ಎಂದು ಹೇಳುವುದುಂಟು. ಕಾಂಟನದು 1724ರಿಂದ 1804. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳದಿದ್ದರೂ ಇಬ್ಬರೂ ಸಮಕಾಲೀನರು. ಹೊಲದ ತೆನೆಯನ್ನು ಹಕ್ಕಿಗಳು ತಿನ್ನಲೆಂದು ಶರಣರು ಬಿಟ್ಟರೆಂದೂ, ಆದರೂ ರಾಶಿ ಕಡಿಮೆಯಾಗಲಿಲ್ಲವೆಂದೂ ಜನರು ಹೇಳುತ್ತಾರೆ. ಕಥೆಯ ಈ ಉತ್ತರಾರ್ಧವೇ ತೊಡಕಿನದು. ರಾಶಿ ತುಂಬುವುದೆಂದು ತಿಳಿದು ಬಿಟ್ಟಿದ್ದರೆ ಅದು ಸೋಪಾಧಿಕ ವಿಧಿ, ಒಂದು ಬಗೆಯ ಬೇಸಾಯ. ಶರಣರು ಬಿಟ್ಟದ್ದು ರಾಶಿಗಾಗಿ ಅಲ್ಲ; ರಾಶಿಯನ್ನು ತುಂಬಿದ್ದು ಕೇಳುಗರ ಮನಸ್ಸು. ಒಳ್ಳೆಯವರಿಗೆ ನಷ್ಟವಾಗಬಾರದೆಂಬ ಹಂಬಲ ಸಹಜವಾದುದು. ಧರ್ಮಕ್ಕೆ ತಕ್ಕ ಸುಖ ದೊರೆಯಬೇಕೆಂಬ ನಿರೀಕ್ಷೆಗೆ 1788ರ ಗ್ರಂಥದಲ್ಲಿ ಕಾಂಟನೂ ಎಡೆಗೊಟ್ಟಿದ್ದಾನೆ. ಆದರೆ ಆ ನಿರೀಕ್ಷೆ ಕರ್ಮಕ್ಕೆ ಪ್ರೇರಣೆಯಾಗಕೂಡದು.

ಇಲ್ಲಿ ಇನ್ನೊಂದು ಆಕ್ಷೇಪ ಏಳುತ್ತದೆ. ಶರಣರು ದಯೆಯಿಂದ ಕೊಟ್ಟರು. ಒಲವಿನಿಂದ ಮಾಡಿದ ಉಪಕಾರ ಪ್ರಶಂಸೆಗೆ ಅರ್ಹವಾದರೂ ಅದಕ್ಕೆ ಶುದ್ಧ ನೈತಿಕ ಮೌಲ್ಯವಿಲ್ಲವೆಂದು ಕಾಂಟನ ಮತ. ಈ ಕಾಠಿಣ್ಯವನ್ನು ನಾವು ಹಾಗೆಯೇ ಒಪ್ಪಬೇಕಾಗಿಲ್ಲ. ದಾಸೋಹವು ಕ್ಷಣಿಕವಾದ ಮರುಕವಲ್ಲ. ಮನಸ್ಸು ಕರಗಿದ ದಿನ ಉಣಿಸಿ ಒಣಗಿದ ದಿನ ಕದವಿಕ್ಕುವುದು ದಾಸೋಹವೆನಿಸದು. ಅದು ನಿತ್ಯವ್ರತ, ಆದುದರಿಂದ ನಿಯಮ. ದಯೆ ಆ ನಿಯಮದ ಉಸಿರು. 1797ರ ಗ್ರಂಥದಲ್ಲಿ ಕಾಂಟನು, ಉಪಕಾರ ಮಾಡುವವನು ಪಡೆಯುವವನನ್ನು ಕುಗ್ಗಿಸದೆ, ಆತನು ಸ್ವೀಕರಿಸಿದುದರಿಂದ ತಾನೇ ಋಣಿಯಾದೆನೆಂಬಂತೆ ನಡೆದುಕೊಳ್ಳಬೇಕೆನ್ನುತ್ತಾನೆ. ಕೊಡುವವನೇ ದಾಸನೆಂಬ ದಾಸೋಹದ ಭಾವ ಇದೇ ಅಲ್ಲವೆ? ಹೋಲಿಕೆ ನಿಜವಾಗಿ ಫಲಿಸುವ ಸ್ಥಳ ಇದು. ಕಾಯಕದ ಹೆಸರೆತ್ತುವವರು ಇದನ್ನು ಗಮನಿಸಿದುದು ಕಡಿಮೆ.

ಮೂರನೆಯವರು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆನಿಂತ ತತ್ತ್ವಪದಕಾರ ಮಡಿವಾಳಪ್ಪನವರು. ಲಾಂಛನವನ್ನೇ ಧರ್ಮವೆಂದು ಬಗೆಯುವುದನ್ನು ಅವರ ಪದಗಳು ಕಟುವಾಗಿ ಖಂಡಿಸುತ್ತವೆ. ನೀತಿಯನ್ನು ಬಿಟ್ಟು ಪೂಜಾವಿಧಿಯಿಂದ ದೇವರನ್ನು ಒಲಿಸುವೆನೆಂಬುದು ಹುಸಿಸೇವೆಯೆಂದು ಕಾಂಟನು 1793ರ ಧರ್ಮವಿಚಾರದ ಗ್ರಂಥದಲ್ಲಿ ಹೇಳಿದ್ದಾನೆ. ಖಂಡನೆ ಒಂದೇ, ಆಧಾರ ಬೇರೆ. ಕಾಂಟನು ನಿಲ್ಲುವುದು ವಿವೇಕದ ಮೇಲೆ, ಮಡಿವಾಳಪ್ಪನವರು ನಿಲ್ಲುವುದು ಗುರುಕೃಪೆ ಹಾಗೂ ಅನುಭವಗಳ ಮೇಲೆ. ಈ ಅಂತರವನ್ನು ಮುಚ್ಚಿಡಲಾಗದು. ಗುರುವಿನ ಮಾತನ್ನು ಗುರುವಿನದೆಂಬ ಕಾರಣಕ್ಕೇ ಪಾಲಿಸುವುದನ್ನು ಕಾಂಟನು ಪರಾಧೀನತೆಯೆನ್ನುವನು.

ಆದರೆ ಒರೆಗಲ್ಲನ್ನೂ ಒರೆದು ನೋಡಬೇಕು. ಮನುಷ್ಯತ್ವವನ್ನು ಸಾಧ್ಯವೆಂದು ಸಾರಿದ ಕಾಂಟನೇ 1797ರಲ್ಲಿ ಸ್ತ್ರೀಯರನ್ನೂ ಮನೆಯಾಳುಗಳನ್ನೂ ಮತಾಧಿಕಾರವಿಲ್ಲದ ನಿಷ್ಕ್ರಿಯ ಪೌರರ ಸಾಲಿಗೆ ಸೇರಿಸಿದನು. ಮಡಿವಾಳಪ್ಪನವರ ಶಿಷ್ಯಬಳಗದಲ್ಲಿ ಚೆನ್ನೂರಿನ ಜಲಾಲಸಾಹೇಬ, ಖೈನೂರಿನ ಕೃಷ್ಣಪ್ಪ ಮೊದಲಾಗಿ ಭಿನ್ನ ಜಾತಿಮತಗಳವರಿದ್ದರು. ಸಾರ್ವತ್ರಿಕತೆಯ ಸೂತ್ರವನ್ನು ಬರೆದವನು ಪ್ರಯೋಗದಲ್ಲಿ ಸಂಕೋಚಗೊಂಡನು. ಸೂತ್ರವನ್ನು ಬರೆಯದವರು ತಮ್ಮ ಅಂಗಳದಲ್ಲಿ ಅದನ್ನು ನಡೆಸಿ ತೋರಿದರು.

ಇದರಿಂದ ನಾವು ಕಾಂಟನಿಗಿಂತ ಮೇಲೆಂಬ ತೀರ್ಮಾನಕ್ಕೆ ಬಂದರೆ ಮತ್ತೆ ಹಳೆಯ ರೂಢಿಗೇ ಬಿದ್ದಂತೆ. ಮಡಿವಾಳಪ್ಪನವರ ಅಂಗಳದ ಸಮತೆ ಏಕೆ ಸರಿ, ಆಳಂದದ ಛಲ ಏಕೆ ಸರಿಯಲ್ಲ ಎಂದು ಕೇಳಿದಾಗ ನಾವು ಕೊಡುವ ಉತ್ತರ ಎರಡೂ ಪಕ್ಷದವರು ಒಪ್ಪಬಹುದಾದ ಕಾರಣವಾಗಿರಬೇಕು. ಅಂತಹ ಕಾರಣವನ್ನು ಕೊಡಲು ವಿವೇಕವಲ್ಲದೆ ಬೇರೆ ಭಾಷೆಯಿಲ್ಲ. ಅನುಭಾವವು ಒಳಿತನ್ನು ಕಾಣಬಲ್ಲುದು, ಮಾಡಿ ತೋರಬಲ್ಲುದು. ಮಾಡಿದ್ದು ಒಳಿತೇ ಎಂಬ ವಿಚಾರಣೆ ಬಂದಾಗ ಅದು ವಿವೇಕದ ಮುಂದೆ ನಿಲ್ಲಲೇಬೇಕು. ನಮ್ಮ ಶರಣಸಾಹಿತ್ಯದ ನೀತಿವಿಮರ್ಶೆ ಆ ವಿಚಾರಣೆಗೆ ಅಂಜಬೇಕಾದುದಿಲ್ಲ. ಅರಿವನ್ನೇ ಗುರುವೆಂದು ಬಗೆದ ಪರಂಪರೆಗೆ ಅದು ಪರಕೀಯವಾದುದೂ ಅಲ್ಲ.